ಹತ್ತಕ್ಕಿಂತ ಕಡಿಮೆಯಿದ್ದರೆ ಮಾತ್ರ

ಪ್ರೀತಿಯ ಅಕ್ಕ,

ಅಡುಗೆಮನೆ ಬಾಗಿಲು ಹಿಡಿದುಕೊಳ್ಳುತ್ತಿದೆ, ಬಡಗಿಯನ್ನು ಕರೆಸುತ್ತೇನೆ ಎಂದೆಯಲ್ಲ, ಕರೆಸಬೇಡ.

ನಿಮ್ಮ ಕಟ್ಟಡದ ಕೆಳಗೆ ಸುರಂಗ ಕೊರೆಯುತ್ತಿರುವುದು ನಮ್ಮ ಕಂಪನಿಯೇ. ಕಂಬಗಳಿಗೆ ಅಂಟಿಸಿದ ಹನ್ನೆರಡು ಮೀಟರುಗಳು, ಕಟ್ಟಡ ಎಷ್ಟು ಮಿಲಿಮೀಟರ್ ಕುಸಿದಿದೆ ಎಂದು ಗಂಟೆಗೊಮ್ಮೆ ನನಗೆ ಕಳಿಸುತ್ತವೆ. ಮೊದಲು ಒಂದು ಮೀಟರು ಕೆಟ್ಟು ಏನೇನೋ ಬಡಬಡಿಸುತ್ತಿತ್ತು. "ಹತ್ತು ದಾಟಿದ್ದನ್ನೆಲ್ಲ ಎತ್ತಿ ಬಿಸಾಕಯ್ಯ" ಎಂದರು ಸಾಹೇಬರು. ನಾನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದೇ ಸಾಲು ಬರೆದೆ: ಪಟ್ಟಿಯ ಪ್ರತಿ ಅಂಕಿಯನ್ನೂ ನೋಡು, ಹತ್ತಕ್ಕಿಂತ ಕಡಿಮೆಯಿದ್ದರೆ ಮಾತ್ರ ದಶಾಂಶ ತೆಗೆದು ಹೊಸ ಪಟ್ಟಿಗೆ ಹಾಕು. ಎಷ್ಟು ಚಿಕ್ಕದಾಗಿ ಬರೆದೆ ಎಂದು ಬೆನ್ನು ತಟ್ಟಿದರು.

ಹೋದ ವಾರ ಹೊಸ ಪಟ್ಟಿಯಲ್ಲಿ ಅರ್ಧದಷ್ಟು ಅಂಕಿ ಉಳಿದಿತ್ತು. ಇವತ್ತು ಬೆಳಿಗ್ಗೆ ಪಟ್ಟಿಯೇ ಖಾಲಿ. ಪ್ರೋಗ್ರಾಂ ತಪ್ಪು ಎನ್ನಲಿಲ್ಲ. "ಅಪಾಯದ ಅಂಕಿ ಒಂದೂ ಇಲ್ಲ" ಎಂಬ ವರದಿ ತಾನಾಗಿಯೇ ಹೋಗಿಬಿಟ್ಟಿತು. ಸಾಹೇಬರನ್ನು ಕೇಳಿದರೆ, "ಎಲ್ಲ ಮೀಟರೂ ಕೆಟ್ಟಿರಬೇಕು" ಎಂದರು. ಹನ್ನೆರಡೂ ಒಟ್ಟಿಗೇ ಕೆಡುತ್ತವೆಯೇ? ಹನ್ನೆರಡೂ ಹತ್ತು ದಾಟಿವೆ, ಕಟ್ಟಡವೇ ಕುಸಿಯುತ್ತಿದೆ; ನಿನ್ನ ಬಾಗಿಲು ಹಿಡಿದುಕೊಳ್ಳುತ್ತಿರುವುದೂ ಅದಕ್ಕೇ.

ಫೋನ್ ಮಾಡಿದರೆ ನೀನು ನೂರೆಂಟು ಪ್ರಶ್ನೆ ಕೇಳುತ್ತೀಯ, ಅಷ್ಟು ಹೊತ್ತು ನೀನು ಒಳಗಿರಬಾರದು. ಅದಕ್ಕೇ ಕಂಪನಿಯ ಡ್ರೈವರ್ ಕೈಯಲ್ಲಿ ಈ ಕಾಗದ. ಅವನ ಗಾಡಿ ಆಚೆ ಬೀದಿಯಲ್ಲಿ ನಿಂತಿರುತ್ತದೆ. ಅಮ್ಮನನ್ನು ಕರೆದುಕೊಂಡು ಈಗಲೇ ಇಳಿ; ಅವಳ ಮಾತ್ರೆ, ಕನ್ನಡಕ ಇಷ್ಟೇ ತೆಗೆದುಕೋ. ಅಕ್ಕಪಕ್ಕದವರ ಬಾಗಿಲು ತಟ್ಟಿ, ಅವರನ್ನೂ ಇಳಿಸಿಕೊಂಡು ಬಾ. ಲಿಫ್ಟ್ ಬೇಡ. ಬಿಸಾಕಿದ ಅಂಕಿಗಳನ್ನೆಲ್ಲ ಹಿಡಿದುಕೊಂಡು ನಾನು ಪೊಲೀಸ್ ಠಾಣೆಗೆ ಹೊರಟಿದ್ದೇನೆ.

ಇದನ್ನು ಓದುವಾಗ ಮುಂಬಾಗಿಲು ಹಾಕಿಕೊಳ್ಳಬೇಡ ಅಕ್ಕ. ಆಮೇಲೆ ಅದು ತೆರೆಯದೇ ಹೋದರೆ?

ಆ ಸಾಲು ಬರೆದ,
ನಿನ್ನ ತಮ್ಮ