ಬಲ್ಬಿಗೆ ಕಟ್ಟಿದ ನೂಲು

ಜನವರಿ ೯, ಮಂಗಳವಾರ

ಹನ್ನೊಂದೂ ಬದುಕಿವೆ. ಮೊದಲು ಅದನ್ನು ಬರೆದುಬಿಡುತ್ತೇನೆ.

ಕೋಳಿಮರಿಗಳ ರಟ್ಟಿನ ಪೆಟ್ಟಿಗೆಯೊಳಗೆ ಕಾವಿಗೆಂದು ಬಲ್ಬನ್ನು ನಾನು ಹೊಲಿಗೆ ನೂಲಿನಲ್ಲೇ ಇಳಿಬಿಟ್ಟಿದ್ದೆ. ಎಂಟೆಳೆ ಹೊಸೆದು ಕಟ್ಟಿದ್ದೆ. ಇಪ್ಪತ್ತು ವರ್ಷ ಹೊಲಿದವಳು ನೂಲಿನ ವಿಷಯದಲ್ಲಿ ಇನ್ನೊಬ್ಬರ ಮಾತು ಕೇಳುತ್ತಾಳೆಯೇ? ಅತ್ತೆಯದು ವಾರದಿಂದ ಒಂದೇ ರಾಗ: "ಬಲ್ಬು ಕಾಯತ್ತೆ ಕಣೇ, ನೂಲು ತಡೆಯಲ್ಲ. ಕೆಳಗೆ ಬೇರೆ ಬಟ್ಟೆ ಚೂರು ಹಾಸಿದೀಯ." ನಾನು ಹೂಂ ಎಂದು ಮಿಷನ್ ತುಳಿಯುತ್ತಿದ್ದೆ.

ಸಂಜೆ ಗಿರಾಕಿಯೊಬ್ಬರ ಅಂಗಿಗೆ ಗುಂಡಿ ಹಾಕುತ್ತಿದ್ದಾಗ ಸುಟ್ಟ ವಾಸನೆ ಬಂತು. ಓಡಿದೆ. ನೂಲು ಕರಕಲಾಗಿ ತುಂಡಾಗಿತ್ತು. ಬಲ್ಬು ಮಾತ್ರ ಬಟ್ಟೆ ಚೂರುಗಳಿಂದ ಒಂದು ಗೇಣು ಮೇಲೆ ತೂಗಾಡುತ್ತಿತ್ತು. ಹೋಲ್ಡರಿಗೆ ಯಾರೋ ಸಣ್ಣ ತಂತಿ ಸುತ್ತಿ ಗೋಡೆಯ ಮೊಳೆಗೆ ಬಿಗಿದಿದ್ದರು. ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಮರಿಗಳು ಬಾಯಿ ತೆರೆದುಕೊಂಡು ಮೂಲೆಗೆ ಒತ್ತಿಕೊಂಡಿದ್ದವು, ಅಷ್ಟೇ.

ಸ್ವಿಚ್ ಆರಿಸಿದೆ. ಚೂರುಗಳನ್ನೆಲ್ಲ ತೆಗೆದು ಮರಳು ಹಾಸಿದೆ. ಬಲ್ಬನ್ನು ತಂತಿಯಲ್ಲೇ ಇನ್ನಷ್ಟು ಮೇಲೆ ಕಟ್ಟಿ, ಸುತ್ತ ಜಾಲರಿ ಹಾಕಿ ಮತ್ತೆ ಹಚ್ಚಿದೆ. ಈಗ ಮರಿಗಳು ಪೆಟ್ಟಿಗೆ ತುಂಬ ಹರಡಿಕೊಂಡು ಮಲಗಿವೆ. ಚಳಿಯಾದರೆ ಗುಂಪು ಕಟ್ಟುತ್ತಿದ್ದವು, ಸೆಖೆಯಾದರೆ ದೂರ ಓಡುತ್ತಿದ್ದವು. ಈಗ ಎರಡೂ ಇಲ್ಲ.

ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. "ತಂತಿ ಕಟ್ಟಿದ್ದು ನೀವಾ?" ಎಂದು ಕೇಳಿದೆ.

ತಲೆ ಎತ್ತಲಿಲ್ಲ. "ಮೊದಲನೇ ದಿನಾನೇ," ಎಂದರು.

ಹಾಗಾದರೆ ಈ ವಾರವಿಡೀ ಗೊಣಗಿದ್ದು... ಹೋಗಲಿ. ಇವತ್ತು ನಿದ್ದೆ ಬರುತ್ತದೆ.