ಎದುರು ಕುರ್ಚಿ

ಠಾಣೆ ಹಿಂದಿನ ಕ್ವಾರ್ಟರ್ಸ್
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯೇ? ಮಂಡಿನೋವು ಕಡಿಮೆ ಆಯ್ತಾ? ಮೆಟ್ಟಿಲು ಹತ್ತಬೇಡಿ ಅಂತ ಡಾಕ್ಟರು ಬಾಯಿ ಬಡ್ಕೊಂಡರೂ ನೀನು ಬಟ್ಟೆ ತರೋಕೆ ತಾರಸಿಗೆ ಓಡ್ತಾನೇ ಇರ್ತೀಯ, ನನಗೆ ಗೊತ್ತಿಲ್ವಾ? ಆ ಕೆಲಸ ಇನ್ನುಮೇಲೆ ಭಾವನದು ಅಂತ ಹೇಳು. ಒಪ್ಪದಿದ್ದರೆ ನಾದಿನಿ ಪೊಲೀಸು ಅನ್ನೋದನ್ನ ಒಂದು ಸಲ ನೆನಪಿಸು. ಅಪ್ಪನೂ ಆರಾಮಾಗಿದ್ದಾರೆ ಅಂದ್ಕೋತೀನಿ. ನನಗೆ ಕಾಯಿಲೆ ಗೀಯಿಲೆ ಏನೂ ಇಲ್ಲ, ಬರೀ ಸುಸ್ತು. ಬೂಟು ಬಿಚ್ಚಿ ಮಂಚದ ಮೇಲೆ ಕೂತವಳು ಇನ್ನೂ ಯೂನಿಫಾರ್ಮಲ್ಲೇ ಇದ್ದೀನಿ, ಎದ್ದು ಬದಲಾಯಿಸೋಕೂ ಬೇಜಾರು. ಫೋನ್ ಮಾಡಿದರೆ ನೀನು ಮಧ್ಯೆ ಬಾಯಿ ಹಾಕ್ತೀಯ, ನಾನು ರೇಗ್ತೀನಿ, ಹೇಳಬೇಕಾದ್ದು ಅಲ್ಲೇ ಉಳಿದುಹೋಗುತ್ತೆ. ಅದಕ್ಕೇ ಬರೀತಿದ್ದೀನಿ.

ಹೋದ ವಾರ ಇಲ್ಲಿ ಒಬ್ಬ ಟೀಚರಮ್ಮನಿಗೆ ಯಾವುದೋ ಗಾಡಿ ಗುದ್ದಿ, ನಿಲ್ಲಿಸದೆ ಹೋಯಿತು. ಪಾಪ, ಸ್ಕೂಲು ಮುಗಿಸಿ ಸೈಕಲಲ್ಲಿ ಮನೆಗೆ ಹೋಗ್ತಿದ್ದರು. ಸೊಂಟದ ಮೂಳೆ ಮುರಿದಿದೆ. ಗಾಡಿ ಹಿಂದಿನಿಂದ ಬಂದದ್ದು, ಅವರೇನೂ ನೋಡಿಲ್ಲ. ಸೈಕಲ್ಲಿಗೆ ಒಂದಿಷ್ಟು ಬಿಳಿ ಬಣ್ಣ ಉಜ್ಜಿಕೊಂಡಿತ್ತು, ಅಷ್ಟೇ. ಬಿಳಿ ಅಂದ ಕೂಡಲೇ ನನ್ನ ತಲೆಗೆ ಬಂದವನು ಆ ಬೀದಿಗೆ ಹಾಲಿನ ವ್ಯಾನ್ ತರೋ ಡ್ರೈವರು. ಕುಡುಕ, ಜಗಳಗಂಟ, ಹಿಂದೊಮ್ಮೆ ಹೊಡೆದಾಟಕ್ಕೆ ಅವನನ್ನ ನಾನೇ ಠಾಣೆಗೆ ಎಳ್ಕೊಂಡು ಬಂದಿದ್ದೆ. ಸಂಜೆ ಅವನ ಮನೆಗೆ ಹೋದರೆ ಹೊಸ್ತಿಲ ಮೇಲೆ ಕೂತಿದ್ದ, ಗಬ್ಬು ನಾತ. ನನ್ನ ಮೇಲೇ ತಿರುಗಿಬಿದ್ದ. ಆ ವಾಸನೆ ಮೂಗಿಗೆ ಬಡಿದ ತಕ್ಷಣ ನನ್ನ ಮಟ್ಟಿಗೆ ಕೇಸು ಮುಗೀತು. ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಾ? ಚಿಕ್ಕಂದಿನಲ್ಲಿ ಅಪ್ಪನ ಜೊತೆ ಅದೇ ವಾಸನೆ ನಮ್ಮನೆ ಬಾಗಿಲಿಗೆ ಬಂದಾಗ ನೀನು ನನ್ನ ಕೈ ಹಿಡ್ಕೊಂಡು ಪಕ್ಕದ ಮನೆಗೆ ಓಡ್ತಿದ್ದೆ. "ಅಪ್ಪನಿಗೆ ಹುಷಾರಿಲ್ಲ" ಅಂತ ಅವರಿಗೆ ಸುಳ್ಳು ಹೇಳ್ತಿದ್ದೆ. ನಾನು ನಿನ್ನ ಲಂಗದ ಹಿಂದೆ ನಿಂತು ತಲೆ ಆಡಿಸ್ತಿದ್ದೆ.

ಮಾರನೇ ದಿನ ಸಾಕ್ಷಿ ಹುಡುಕಿದೆ. ತಿರುವಿನಲ್ಲಿ ಚಪ್ಪಲಿ ಹೊಲಿಯೋರು ಒಬ್ಬರು, ಎದುರಿಗೆ ಬೇಕರಿ ಹೆಂಗಸು. ಬಿಳಿ ವ್ಯಾನ್ ತಾನೇ ಅಂದೆ, ಇಬ್ಬರೂ ಹೌದು ಅಂದರು. ಡ್ರೈವರನ್ನ ಒಳಗೆ ಹಾಕಿದೆ. ನಮ್ಮ ಸಾಹೇಬರು ಪೇಪರಿನವರನ್ನ ಕರೆದು ಕೇಸು ಬಗೆಹರೀತು ಅಂತ ಹೇಳಿಯೂ ಆಯ್ತು. ಆ ರಾತ್ರಿ ಒಳ್ಳೇ ನಿದ್ದೆ ಮಾಡಿದೆ ಅಕ್ಕಾ, ಸುಳ್ಳು ಯಾಕೆ ಹೇಳಲಿ.

ಈಗ ಕುರ್ಚಿ ವಿಷಯ. ಈ ಠಾಣೆಗೆ ಬಂದಾಗ ನಾನೇ ಒಂದು ಪದ್ಧತಿ ಮಾಡಿದ್ದೆ. ಯಾರನ್ನೇ ಕೋರ್ಟಿಗೆ ಕಳಿಸೋ ಮುಂಚೆ, ಇವನೇ ಮಾಡಿದ್ದು ಅಂತ ಎಲ್ಲರಿಗಿಂತ ಗಟ್ಟಿಯಾಗಿ ಹೇಳೋರು ನನ್ನ ಮೇಜಿನ ಎದುರು ಇರೋ ಕೈ ಮುರಿದ ಕುರ್ಚಿಯಲ್ಲಿ ಕೂರಬೇಕು. ತಾನೇ ಆರೋಪಿ ಅಂದ್ಕೊಂಡು "ನಾನು" ಅಂತಲೇ ಮಾತಾಡಬೇಕು, ಮಿಕ್ಕವರು ಪ್ರಶ್ನೆ ಕೇಳಬೇಕು. ನಮಗೆ ಗೊತ್ತಿರೋದೆಷ್ಟು, ಊಹೆ ಎಷ್ಟು ಅಂತ ಆಗ ಗೊತ್ತಾಗುತ್ತೆ. ಹುಡುಗರು ಬೆನ್ನ ಹಿಂದೆ ನನ್ನನ್ನ ನಾಟಕದ ಮೇಡಂ ಅಂತಾರೆ, ಅಂದ್ಕೊಳ್ಳಲಿ ಬಿಡು. ಇಷ್ಟು ದಿನ ಅವರನ್ನೇ ಕೂರಿಸಿ ಬೆವರಿಳಿಸ್ತಿದ್ದೆ. ಈ ಸಲ ಎಲ್ಲರೂ ಟೀ ಲೋಟ ಹಿಡ್ಕೊಂಡು ನನ್ನ ಮುಖ ನೋಡಿದರು. ತಪ್ಪಿಸಿಕೊಳ್ಳೋ ಹಾಗಿರಲಿಲ್ಲ, ಹೋಗಿ ಕೂತೆ. ನಮ್ಮ ಹೆಡ್ ಕಾನ್‌ಸ್ಟೇಬಲ್ಲಿಗೆ ಗಡಿಯಾರ ಅಂತ ಅಡ್ಡಹೆಸರು, ಮನೆಗೆ ಹೋಗೋ ಹೊತ್ತಾಯ್ತಾ ಅಂತ ನೋಡೋದೇ ಅವರ ಕೆಲಸ. ಆವತ್ತೂ ಗೋಡೆ ಗಡಿಯಾರ ನೋಡ್ತಾನೇ ಆಕಳಿಸಿ ಕೇಳಿದರು: "ಏನಪ್ಪಾ, ಟೀಚರಮ್ಮನಿಗೆ ಗಾಡಿ ಗುದ್ದಿದಾಗ ನೀನೆಲ್ಲಿದ್ದೆ?"

ಅವನು ಎಲ್ಲಿದ್ದ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಕೇಳೇ ಇರಲಿಲ್ಲ ಅಕ್ಕಾ. ಎಷ್ಟು ಕುಡಿದಿದ್ದೀಯ ಅಂತ ಕೇಳಿದ್ದೆ, ನಾಚಿಕೆ ಆಗಲ್ವಾ ಅಂತ ಕೇಳಿದ್ದೆ, ಹೆಂಡತಿ ಮಕ್ಕಳ ಗತಿ ಏನು ಅಂತಲೂ ಕೇಳಿದ್ದೆ. ಎಲ್ಲಿದ್ದೆ ಅಂತ ಮಾತ್ರ ಕೇಳಲಿಲ್ಲ. ಎಲ್ಲರ ಮುಂದೆ ಕಿವಿ ಬಿಸಿಯಾಯ್ತು. ಎದ್ದು ಲಾಕಪ್ಪಿನ ಹತ್ತಿರ ಹೋಗಿ ಕೇಳಿದೆ. ಹಾಲಿನ ಡೈರಿಯಲ್ಲಿ ಖಾಲಿ ಕ್ರೇಟು ಇಳಿಸ್ತಿದ್ದನಂತೆ, ಕೆಲಸ ಮುಗಿದ ಮೇಲೇ ಕುಡಿದದ್ದಂತೆ. ಡೈರಿ ಗೇಟಿನ ಕ್ಯಾಮೆರಾ ರೆಕಾರ್ಡಿಂಗ್ ತೆಗೆಸಿ ನೋಡಿದರೆ, ಟೀಚರಮ್ಮ ಬಿದ್ದ ಹೊತ್ತಲ್ಲಿ ಅವನೂ ಅಲ್ಲಿದ್ದಾನೆ, ವ್ಯಾನೂ ಅಲ್ಲೇ ಇದೆ. ಚಪ್ಪಲಿ ಹೊಲಿಯೋರ ಹತ್ತಿರ ಮತ್ತೆ ಹೋದೆ. ಈ ಸಲ ಬಣ್ಣದ ಸುದ್ದಿ ಎತ್ತದೆ, ನೀವೇ ಕಂಡದ್ದನ್ನ ಹೇಳಿ ಅಂದೆ. ಸದ್ದು ಕೇಳಿ ತಲೆ ಎತ್ತೋದರೊಳಗೆ ಗಾಡಿ ಹೋಗಿಬಿಟ್ಟಿತ್ತಂತೆ. ಮತ್ತೆ ಮೊನ್ನೆ ಹೌದು ಅಂದದ್ದು ಯಾಕೆ ಅಂತ ಕೇಳಿದರೆ, ಸೂಜಿ ಕೆಳಗಿಟ್ಟು ಹೇಳಿದರು: "ಬಿಳಿ ವ್ಯಾನ್ ಅಂತ ನೀವೇ ಅಂದ್ರಲ್ಲ ಮೇಡಂ. ಪೊಲೀಸರಿಗೆ ಗೊತ್ತಿಲ್ದೆ ಇರುತ್ತಾ ಅಂದ್ಕೊಂಡೆ." ಬೇಕರಿ ಹೆಂಗಸಿನದೂ ಅದೇ ಕಥೆ.

ಅವನನ್ನ ಬಿಟ್ಟು ಕಳಿಸಿದೆ. ಸಾಹೇಬರು ಕೆಂಡ ಆಗಿದ್ದಾರೆ, ಪೇಪರಿನವರಿಗೆ ಏನು ಹೇಳಲಿ ಅಂತ ನನ್ನ ಮೇಲೆ ಹಾರಾಡಿದರು. ತಪ್ಪು ನನ್ನದೇ ಅಂತ ಬರೆದುಕೊಟ್ಟು ಬಂದೆ. ಡ್ರೈವರಿನ ಕೆಲಸ ಹೋಗಿದೆ, ವ್ಯಾನ್ ಬೇರೆಯವನಿಗೆ ಕೊಟ್ಟುಬಿಟ್ಟಿದ್ದಾರೆ. ನಾಳೆ ಡೈರಿಗೆ ನಾನೇ ಹೋಗಿ ಮಾತಾಡಬೇಕು. ಅವನೇನೂ ಇದ್ದಕ್ಕಿದ್ದ ಹಾಗೆ ಒಳ್ಳೆಯವನಾಗಿಬಿಟ್ಟಿಲ್ಲ, ಹೋಗ್ತಾ ನನ್ನನ್ನ ಬೈದೇ ಹೋದ. ಬೈಗುಳದ ಮಧ್ಯೆ ಒಂದು ಮಾತು ಅಂದ: "ಕೇಳಿದ್ರೆ ಹೇಳ್ತಿದ್ದೆ." ಅದು ಮಾತ್ರ ತಲೆಯಿಂದ ಹೋಗ್ತಿಲ್ಲ. ಗುದ್ದಿದವನು ಇನ್ನೂ ಸಿಕ್ಕಿಲ್ಲ. ಟೀಚರಮ್ಮನ ಮುಖ ನೋಡೋಕೆ ಆಸ್ಪತ್ರೆಗೆ ಹೋಗಬೇಕು, ಕಾಲೇ ಬರ್ತಿಲ್ಲ. ಸಾಕಾಗಿದೆ ಅಕ್ಕಾ. ಕಳ್ಳರನ್ನ ಹಿಡಿದು ಹಿಡಿದು ಸುಸ್ತಾದರೆ ನಿದ್ದೆ ಮಾಡಿದರೆ ಹೋಗುತ್ತೆ, ಇದು ಹೋಗ್ತಿಲ್ಲ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಆ ಮಂಡಿಯನ್ನ ಸ್ವಲ್ಪ ಸುಮ್ಮನೆ ಕೂರಿಸು.

ನಿನ್ನ ಜಗಳಗಂಟಿ ತಂಗಿ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ಹೋದ ಸಲ ನಿನ್ನ ಮನೆಗೆ ಬಂದಾಗ ಅಪ್ಪನ ಕೈಯಿಂದ ನೀರಿನ ಲೋಟ ಜಾರಿ ನನ್ನ ಮೇಲೆ ಬಿತ್ತಲ್ಲ, ಮತ್ತೆ ಕುಡಿದಿದ್ದಾರೆ, ಇವರು ಬದಲಾಗಲ್ಲ ಅಂತ ಊಟವನ್ನೂ ಮಾಡದೆ ಬ್ಯಾಗ್ ಎತ್ಕೊಂಡು ಹೊರಟೆ. ಆ ಮಂಡಿ ಇಟ್ಕೊಂಡು ನೀನು ಬಸ್ ಸ್ಟಾಪಿನ ತನಕ ಓಡಿಬಂದು "ಅಪ್ಪನಿಗೆ ಹುಷಾರಿಲ್ಲ ಕಣೇ" ಅಂದೆ. ಹಳೇ ಸುಳ್ಳು ಅಂದ್ಕೊಂಡು ಬಸ್ ಹತ್ತಿದೆ. ಬೆಳಗ್ಗೆಯಿಂದ ನೆನಪು ಮಾಡ್ಕೋತಾನೇ ಇದ್ದೀನಿ. ಆವತ್ತು ಅವರ ಪಕ್ಕದಲ್ಲೇ ಕೂತಿದ್ದೆ ಅಕ್ಕಾ, ವಾಸನೆ ಇರಲಿಲ್ಲ. ಶನಿವಾರ ಬರ್ತೀನಿ. ಅಪ್ಪನಿಗೆ ನೀನು ಏನೂ ಹೇಳಿಕೊಡಬೇಡ. ನಾನೇ ಕೇಳ್ತೀನಿ.