ನಮ್ಮ ಸ್ಟೇಷನ್ನಿಗೆ ಮತ್ತೆ ಬಂದ ಕೈದಿಗಳ ರೈಲು

ಸಾನ್ ಬಿಯಾಜೊ, ಕೋಮೊ ಬಳಿ
೧೧ ಅಕ್ಟೋಬರ್ ೧೯೬೪

ಪ್ರೀತಿಯ ಒರೆಸ್ತೆ ಅಣ್ಣನಿಗೆ,

ಹೊಟ್ಟೆಹುಣ್ಣು ಈಗ ಹೇಗಿದೆ? ಅತ್ತಿಗೆ ನಿನಗೆ ಹಿಡಿಸುವಂಥದ್ದನ್ನು ಬೇಯಿಸಿ ಹಾಕುತ್ತಾಳೋ, ಇಲ್ಲ ಅರ್ಜೆಂಟೀನಾದವರ ಹಾಗೆ ಮೂರು ಹೊತ್ತೂ ಸುಟ್ಟ ಮಾಂಸವೋ? ಇಲ್ಲಿ ಅಮ್ಮನ ಮಂಡಿ ಊದಿಕೊಂಡಿದೆ. ಆದರೂ ಚರ್ಚಿಗೆ ನಡೆದೇ ಹೋಗುವ ಹಟ ಬಿಟ್ಟಿಲ್ಲ.

ಊರಿಗೆ ಸಿನಿಮಾದವರು ಬಂದಿದ್ದಾರೆ. ಯುದ್ಧದ ಕಥೆಯಂತೆ. ಜರ್ಮನಿಗೆ ಸಾಗಿಸುತ್ತಿದ್ದ ಇಂಗ್ಲಿಷ್, ಅಮೆರಿಕನ್ ಕೈದಿಗಳು ಆ ರೈಲನ್ನೇ ಕಿತ್ತುಕೊಂಡು ಸ್ವಿಟ್ಜರ್ಲೆಂಡಿಗೆ ಓಡಿಸಿಕೊಂಡು ಹೋಗುತ್ತಾರಂತೆ. ನಮ್ಮ ಸ್ಟೇಷನ್ನಿನ ಹೆಸರನ್ನೇ ಅಳಿಸಿ ಬೇರೆ ಬರೆದಿದ್ದಾರೆ. ಜರ್ಮನ್ ದಿರಿಸಿನವರು ಪ್ಲಾಟ್‌ಫಾರಂಗೆ ಇಳಿದಾಗ, ಅವರು ಬೇಕರಿಯವನ ಮಕ್ಕಳೆಂದು ಗೊತ್ತಿದ್ದೂ ಅಮ್ಮ ಅಗುಳಿ ಹಾಕಿಕೊಂಡು ಒಳಗೆ ಕೂತಳು. ಜರ್ಮನ್ ಕಾವಲಿನವನ ಪಾತ್ರ ಯಾರಿಗೆ ಸಿಕ್ಕಿತು ಗೊತ್ತೇ? ಅಪ್ಪನ ಜೊತೆ ಹಳಿಯ ಕೆಲಸ ಮಾಡುತ್ತಿದ್ದ ಗೌದೆನ್ಸಿಯೊಗೆ. "ಅವನಿಗೆ ಹೇಳ್ಕೊಡೋದೇ ಬೇಡ, ಹಳೇ ಅಭ್ಯಾಸ" ಎಂದು ನಾನು ಬೇಕರಿಯಲ್ಲಿ ಎಲ್ಲರ ಮುಂದೆಯೇ ಅಂದೆ.

ಅನ್ನದೆ ಇನ್ನೇನು? ಯುದ್ಧದ ಆ ವರ್ಷ ಅಪ್ಪ ನಮ್ಮ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲಿನ ಡಬ್ಬಿ ತೆರೆದು ನಾಲ್ವರು ಕೈದಿಗಳನ್ನು ಬಿಡಿಸಿ, ನಮ್ಮ ಚೆಸ್ಟ್‌ನಟ್ ಒಣಗಿಸುವ ಗುಡಿಸಲಲ್ಲಿ ಬಚ್ಚಿಟ್ಟ. ಮನೆಯವರನ್ನು ಬಿಟ್ಟರೆ ಅದು ಗೊತ್ತಿದ್ದದ್ದು ಗೌದೆನ್ಸಿಯೊನಿಗೆ ಮಾತ್ರ. ಜರ್ಮನರು ಊರಲ್ಲಿ ಯಾರನ್ನೂ ಕೇಳದೆ ನೆಟ್ಟಗೆ ಗುಡಿಸಲಿಗೇ ಬಂದರು. ಎಳೆದೊಯ್ದ ಅಪ್ಪ ತಿರುಗಿ ಬರಲಿಲ್ಲ. ನೀನು ಹಡಗು ಹತ್ತುವ ಮುಂಚೆ, "ಆ ಗೌದೆನ್ಸಿಯೊಗೆ ನಮ್ಮ ಹೊಸ್ತಿಲು ತುಳಿಯೋಕೆ ಬಿಡಬೇಡಿ" ಅಂದಿದ್ದೆ. ನಾವು ಬಿಡಲಿಲ್ಲ. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿದೆವು. ಅವನ ಹೆಂಡತಿ ಸತ್ತಾಗ ಮಣ್ಣಿಗೂ ಹೋಗಲಿಲ್ಲ.

ಸಿನಿಮಾದವರಿಗೆ ಸಲಹೆ ಕೊಡಲು ಪ್ರೆಸ್ಕಾಟ್ ಎಂಬ ಇಂಗ್ಲಿಷಿನವನು ಬಂದಿದ್ದಾನೆ. ಆ ನಾಲ್ವರಲ್ಲಿ ಬದುಕಿ ಉಳಿದವನು ಅವನೊಬ್ಬನೇ. ಜರ್ಮನ್ ಕೋಟು ತೊಟ್ಟು ನಿಂತಿದ್ದ ಗೌದೆನ್ಸಿಯೊನನ್ನು ಕಂಡು ಅವನು ಬಿರಬಿರನೆ ಹತ್ತಿರ ನಡೆದ. ಈಗ ಕೊರಳಪಟ್ಟಿ ಹಿಡಿಯುತ್ತಾನೆ ಎಂದು ನನಗೆ ಒಳಗೊಳಗೇ ಖುಷಿ. ಅವನು ತಬ್ಬಿಕೊಂಡು ಅತ್ತ. ಆಮೇಲೆ ತನ್ನ ಹರಕು ಇಟಾಲಿಯನ್‌ನಲ್ಲಿ ನನಗೆ ಹೇಳಿದ: "ಒಬ್ಬನಿಗೆ ಜ್ವರ, ನಡೆಯೋಕಾಗ್ತಿರಲಿಲ್ಲ. ಇಬ್ಬರು ಅವನ ಜೊತೆ ಉಳಿದ್ರು. ನನ್ನನ್ನ ಈ ಗೌದೆನ್ಸಿಯೊ ಬೆಟ್ಟ ದಾಟಿಸಿದ್ರು. ಜರ್ಮನರು ಗುಡಿಸಲಿಗೆ ಬಂದಾಗ ನಾವಿಬ್ರೂ ಗಡಿಯ ಆಚೆ ಇದ್ವಿ."

ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಗೌದೆನ್ಸಿಯೊನನ್ನು ಕೇಳಿದೆ. ಅವನು ಕೋಟಿನ ಗುಂಡಿ ಬಿಚ್ಚುತ್ತಾ, "ನೀವು ಯಾರಾದ್ರೂ ಕೇಳಿದ್ರೇನಮ್ಮ? ನಾನಲ್ಲ ಅಂದಿದ್ರೆ ನಿಮ್ಮಮ್ಮ ಮತ್ತೆ ಯಾರು ಅಂತ ಹುಡುಕೋಳು. ಅದು ಬೇಡ ಅನ್ನಿಸ್ತು" ಅಂದ. ಹಾಗನ್ನುವಾಗ ನನ್ನ ಮುಖ ನೋಡಲಿಲ್ಲ.

ಇದನ್ನು ಕೇಳಿ ಅಮ್ಮ ಅವನನ್ನು ಬರುವ ಭಾನುವಾರ ಊಟಕ್ಕೆ ಕರೆದಿದ್ದಾಳೆ. ಜೋಳದ ಹಿಟ್ಟಿನ ಪೊಲೆಂತಾ, ಮೊಲದ ಸಾರು. ಅತ್ತಿಗೆಗೆ ನನ್ನ ನೆನಪು ಹೇಳು, ಮಕ್ಕಳಿಗೆ ಮುತ್ತು. ಮಾತೆ ಮರಿಯಮ್ಮ ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ತಂಗಿ,
ಎರ್ಸಿಲಿಯಾ

ಮರೆತ ಮಾತು: ಪ್ರೆಸ್ಕಾಟ್ ಇನ್ನೊಂದು ಹೇಳಿದ. ಅವರು ಬೆಟ್ಟ ಹತ್ತುವ ಹಿಂದಿನ ಸಂಜೆ, ತಮ್ಮನ್ನು ಬಿಡಿಸಿದ ರೈಲ್ವೆಯವನ ಮಗ ಎಂದು ಹೇಳಿಕೊಂಡು ಒಬ್ಬ ಹುಡುಗ ರೊಟ್ಟಿ ತಂದಿದ್ದನಂತೆ. ಎಷ್ಟು ಜನ ಇದ್ದೀರಿ, ಯಾವಾಗ ಹೊರಡುತ್ತೀರಿ ಎಂದು ಕೇಳಿದನಂತೆ. ನೀನು ಆ ವಾರವೆಲ್ಲ ಚಿಕ್ಕಪ್ಪನ ಮನೆಯಲ್ಲಿದ್ದೆ ಎಂದೇ ಹೇಳುತ್ತಿದ್ದೆಯಲ್ಲ. ನಿನ್ನ ವಾರಗೆಯ ಹುಡುಗರನ್ನೆಲ್ಲ ಜರ್ಮನಿಗೆ ದುಡಿಯಲು ಎಳೆದೊಯ್ದರು. ನಿನ್ನೊಬ್ಬನನ್ನು ಬಿಟ್ಟರು. ಅಮ್ಮ ಅದಕ್ಕೆ ಇಂದಿಗೂ ಮೇಣದಬತ್ತಿ ಹಚ್ಚುತ್ತಾಳೆ. ಆ ಹುಡುಗನ ವಿಷಯ ಅವಳಿಗೆ ನಾನೇನೂ ಹೇಳಿಲ್ಲ. ಉತ್ತರವನ್ನು ಮನೆಗೆ ಹಾಕಬೇಡ, ಬೇಕರಿಯ ವಿಳಾಸಕ್ಕೆ ಬರೆ. ನೀನಲ್ಲ ಎಂದಾದರೆ ಬೇಗ ಬರೆ. ನೀನೇ ಎಂದಾದರೆ, ಬರುತ್ತೇನೆ ಎಂದಿದ್ದೆಯಲ್ಲ, ಈ ಕ್ರಿಸ್ಮಸ್ಸಿಗೆ ಬರಬೇಡ. ಹಡಗು ಸಿಗಲಿಲ್ಲವಂತೆ ಎಂದು ಅಮ್ಮನಿಗೆ ನಾನೇ ಹೇಳುತ್ತೇನೆ.